ಅಂಗೈ ಕೆಳಗಿನ ಪುಟ

ನಮ್ಮ ಮೇಷ್ಟರ ಬಲಗೈ ಮಣೆಯಷ್ಟು ಅಗಲವಿತ್ತು. ಅಂಗೈ ಗೆರೆಗಳಲ್ಲಿ ಸದಾ ಸೀಮೆಸುಣ್ಣ. ನಾವು ಪಾಠದ ಒಂದು ಪ್ಯಾರಾ ಓದಿ ಮುಗಿಸುವುದೇ ತಡ, ಆ ಕೈ ಬಂದು ಪುಟದ ಮೇಲೆ ಕೂತುಬಿಡುತ್ತಿತ್ತು. "ಏನ್ ಹೇಳ್ತು? ನಿಮ್ಮವ್ವಂಗೆ ಹೇಳೋ ಹಂಗೆ ಹೇಳು."

ಲೆಕ್ಕ, ವಿಜ್ಞಾನ ಅವರವು. ಸಮಾಜದ ಮೇಷ್ಟರು ರಜೆ ಹಾಕಿದರೆ ಅಲ್ಲಿಗೂ ಅದೇ ಕೈ. ಕನ್ನಡ ಪಂಡಿತರು "ನನ್ನ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಾ?" ಎಂದು ರೇಗಿಸುತ್ತಿದ್ದರು. "ಓದೋದು ನಿಮ್ ಪೀರಿಯಡ್ಡಲ್ಲಿ ಮಾತ್ರ ಐತೇನ್ರೀ?" ಎನ್ನುತ್ತಿದ್ದರು ಇವರು.

ತೊಂಬತ್ತರ ದಶಕದ ಹಳೇಬೀಡು. ನಾನು ಹತ್ತನೇ ಕ್ಲಾಸು. ಪುಸ್ತಕವನ್ನು ರಾಗವಾಗಿ ಓದುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಲೆಕ್ಕದಲ್ಲಿ ಮಾತ್ರ ಡುಮ್ಕಿ. ದೇವಸ್ಥಾನದ ಎದುರು ಎಳನೀರು ಮಾರುತ್ತಿದ್ದ ಅಪ್ಪ, "ಓದಿದ್ದು ಸಾಕು, ಅಂಗಡೀಲಿ ಕೂತ್ಕಳ್ಲಿ" ಎಂದುಬಿಟ್ಟರು. ಅಂದು ಸಂಜೆ ಮೇಷ್ಟರು ಪುಸ್ತಕ ಹಿಡಿದು ಅಂಗಡಿಗೇ ಬಂದರು. ನೀರಿನ ತೊಟ್ಟಿಯ ಲೆಕ್ಕ ಓದಿಸಿ, ಕೈಯಿಂದ ಪುಟ ಮುಚ್ಚಿದರು.

"ಎರಡು ನಲ್ಲಿ ಸಾರ್. ಕೂಡಬೇಕು."

"ಕೂಡೋದು ಆಮೇಲೆ ಕಣೇ. ನಲ್ಲಿ ಏನ್ ಮಾಡ್ತಾವೆ?"

ಗೊತ್ತಿರಲಿಲ್ಲ. ಕೈ ಎತ್ತಿದರು. ಈ ಸಲ ರಾಗ ಬಿಟ್ಟು ಓದಿದೆ. ಒಂದು ನಲ್ಲಿ ತೊಟ್ಟಿ ತುಂಬಿಸುತ್ತಿತ್ತು, ಇನ್ನೊಂದು ಖಾಲಿ ಮಾಡುತ್ತಿತ್ತು!

"ಇವಳಿಗೆ ಲೆಕ್ಕ ಬತ್ತದೆ ಕಣಯ್ಯ," ಎಂದರು ಅಪ್ಪನಿಗೆ. "ಲೆಕ್ಕ ಏನ್ ಕೇಳ್ತದೆ ಅಂತ ಓದೋದನ್ನ ನಾವು ಕಲಿಸಿಲ್ಲ." ಅಪ್ಪ ಒಂದು ಎಳನೀರು ಕೆತ್ತಿ ಅವರ ಕೈಗೆ ಕೊಟ್ಟರು. ನಾನು ಶಾಲೆ ಬಿಡಲಿಲ್ಲ; ಮುಂದೆ ಅರಸೀಕೆರೆಯಲ್ಲಿ ಟೀಚರ್ ಆದೆ.

ರಿಟೈರ್ ಆದ ಮೇಲೆ ಮೇಷ್ಟರಿಗೆ ಸ್ಟ್ರೋಕ್ ಹೊಡೆಯಿತು. ನೋಡಲು ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ಮೆಲ್ಲಗೆ ಹೇಳಿದರು: "ಮಾತು ಹೋಯ್ತು ಕಣಮ್ಮ. ಅಕ್ಷರಾನೂ ಗುರ್ತು ಸಿಗಲ್ಲ. ಆದ್ರೂ ಪೇಪರ್ ಹಿಡ್ಕಂಡು ಕೂತಿರ್ತಾರೆ." ಆ ದೇವರು ಬೇರೆ ಏನನ್ನಾದರೂ ಕಿತ್ತುಕೊಳ್ಳಬಾರದಿತ್ತೇ?

ಪಕ್ಕದಲ್ಲಿ ಕೂತು, ನಮ್ಮೂರ ಕೆರೆ ತುಂಬಿದ ಸುದ್ದಿ ಓದಿದೆ. ಮುಗಿಯುತ್ತಲೇ ಅವರ ಎಡಗೈ ತಡವರಿಸಿಕೊಂಡು ಬಂದು ಪೇಪರಿನ ಮೇಲೆ ಕೂತಿತು. ಬಲಗೈಗೆ ಸ್ವಾಧೀನವಿರಲಿಲ್ಲ.

"ಇನ್ನೂ ಪರೀಕ್ಷೆ ಬಿಟ್ಟಿಲ್ವಾ ಸಾರ್?" ಎಂದು ನಕ್ಕೆ. ಅವರು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ಹಿಂದೆ ನಾನು ಅವರನ್ನು ನೋಡುತ್ತಿದ್ದ ಹಾಗೆ. ಆಗ ಹೊಳೆಯಿತು, ನಾನು ಓದಿದ್ದು ಏನೆಂದು ಅವರಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ.

"ಕೆರೆ ತುಂಬೈತಂತೆ ಸಾರ್," ಎಂದೆ, ಅವ್ವನಿಗೆ ಹೇಳುವ ಹಾಗೆ. "ಕೋಡಿ ಬಿದ್ದೈತಂತೆ. ಜನ ನೋಡಕ್ಕೆ ಬತ್ತಾವ್ರಂತೆ." ಕೈ ನಿಧಾನವಾಗಿ ಸರಿಯಿತು, ಕೆಳಗಿನ ಸುದ್ದಿ ಕಾಣುವಷ್ಟು.

ಮುಂದಿನ ಭಾನುವಾರ ಪೇಪರ್ ಕೊಂಡು ಬಸ್ಸು ಹತ್ತುವಾಗಲೇ ಫೋನ್ ಬಂತು. ಮೇಷ್ಟರು ಹೋಗಿಬಿಟ್ಟಿದ್ದರು. ಹಳೇಬೀಡಿನವರೆಗೂ ಆ ಪೇಪರ್ ನನ್ನ ಮಡಿಲಲ್ಲೇ ಇತ್ತು. ಒಂದು ಸಾಲೂ ಏನು ಹೇಳುತ್ತಿದೆಯೆಂದು ನನಗೆ ತಿಳಿಯಲಿಲ್ಲ.