ಕುರ್ಚಿಗಳಿಗೆ ಕೌನ್ಸೆಲಿಂಗ್

“ಕಳೆದ ಹದಿನೈದು ದಿನಗಳಲ್ಲಿ ಎಷ್ಟು ದಿನ ಕಣ್ಣೀರು ಬಂದಿದೆ?” ಎಂದು ಕೇಳಿದೆ.

“ದಿನಾ ಬರ್ತಾವ್ರಿ,” ಎಂದಳು ಎಲ್ಲವ್ವ. “ಅಮಾಸಿ ಒಂದಿನ ಇಲ್ರಿ. ಅವತ್ತು ಕೆಲಸ ಸೂಟಿ.”

‘ತೀವ್ರ ಖಿನ್ನತೆ’ ಎಂಬ ಚೌಕದಲ್ಲಿ ಟಿಕ್ ಹಾಕಲು ಪೆನ್ನು ಎತ್ತಿದೆ. ಆಗ ಬಂತು ನೋಡಿ ಸೀನು. ಒಂದಲ್ಲ, ಏಳು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಬ್ಯಾಡಗಿಯ ಮೆಣಸಿನಕಾಯಿ ಶೆಡ್ಡಿನಲ್ಲಿ ಕುಳಿತು ಕಣ್ಣೀರಿನ ಲೆಕ್ಕ ಕೇಳಿದ ಬುದ್ಧಿವಂತೆ ನಾನೊಬ್ಬಳೇ ಇರಬೇಕು. ಸುತ್ತ ಕುಳಿತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. (ನಗುವಿಗೆ ಫಾರ್ಮಿನಲ್ಲಿ ಚೌಕವಿರಲಿಲ್ಲ.)

ನಾನು ಅಲ್ಲಿಗೆ ಹೋದದ್ದು ಹೇಗೆಂದು ಹೇಳಿಬಿಡುತ್ತೇನೆ. ಕೂಲಿ ಹೆಣ್ಣುಮಕ್ಕಳ ಮಾನಸಿಕ ಆರೋಗ್ಯಕ್ಕೆಂದು ಸಂಸ್ಥೆಯೊಂದು ಬ್ಯಾಡಗಿಯಲ್ಲಿ ಕಾರ್ಯಕ್ರಮ ನಡೆಸುತ್ತಿದೆ. ಅದು ತಲುಪಬೇಕಾದವರಿಗೆ ತಲುಪುತ್ತಿದೆಯೇ ಎಂದು ಹೊರಗಿನವರೊಬ್ಬರು ನೋಡಿ ವರದಿ ಕೊಡಬೇಕಂತೆ. ಅದರ ಕೋಆರ್ಡಿನೇಟರ್ ನನ್ನ ಹಳೆಯ ವಿದ್ಯಾರ್ಥಿ. ರಾಣೆಬೆನ್ನೂರಿನ ನಮ್ಮ ಮನೆಗೇ ಬಂದ.

“ಮೇಡಂ, ವಾರಾ ವಾರಾ ಅಂಕಣ ತುಂಬಸ್ತೀರಿ. ಹನ್ನೆರಡು ಪುಟದ ಫಾರ್ಮ್ ನಿಮಗ ಯಾವ ದೊಡ್ಡ ಮಾತ್ರಿ?”

ಹೊಗಳಿದನೋ ಬೈದನೋ ತಿಳಿಯುವಷ್ಟರಲ್ಲಿ ಒಪ್ಪಿಕೊಂಡಾಗಿತ್ತು.

ಮೊದಲು ಸಮುದಾಯ ಭವನಕ್ಕೆ ಹೋದೆ. ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಆಪ್ತ ಸಮಾಲೋಚನೆ ಎಂದು ಫಾರ್ಮ್ ಹೇಳುತ್ತಿತ್ತು. ಬ್ಯಾನರ್ ಇತ್ತು. ನಲವತ್ತು ಕೆಂಪು ಕುರ್ಚಿಗಳಿದ್ದವು. ಫ್ಯಾನಿನ ಕೆಳಗೆ ಒಬ್ಬ ಅಜ್ಜಿ ಇದ್ದಳು. “ಬಿಪಿ ನೋಡಾಕ ಬಂದೀಯೇನವಾ?” ಎಂದು ನನ್ನನ್ನೇ ಕೇಳಿದಳು. ಸಮಾಲೋಚಕಿ ಶೈಲಾ ಮಾತ್ರ ಇರಲಿಲ್ಲ.

ಕಸ ಗುಡಿಸುತ್ತಿದ್ದವಳನ್ನು ವಿಚಾರಿಸಿದೆ.

“ಶೈಲಕ್ಕಾರಾ? ತುಂಬು ಬಿಡಸಾಕ ಹೋಗ್ಯಾರ್ರಿ. ದಿನಾ ಅಲ್ಲೇ ಇರ್ತಾರ.” (ಮೆಣಸಿನಕಾಯಿಯ ತೊಟ್ಟು ಕೀಳುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ.)

ಏನು! ಇಲ್ಲಿ ಸಂಬಳ, ಅಲ್ಲಿ ಕೂಲಿ? ಮೂವತ್ತು ವರ್ಷ ಕಾಲೇಜಿನಲ್ಲಿ ಹಾಜರಿ ಕೂಗಿದವಳು ನಾನು. ಆಬ್ಸೆಂಟ್ ಹಾಕುವುದರ ಸುಖ ನಿಮಗೇನು ಗೊತ್ತು? ‘ಸಭೆ ನಿಗದಿತ ಸ್ಥಳದಲ್ಲಿ ನಡೆಯುತ್ತಿದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ದಪ್ಪಗೆ ಬರೆದು ಆಟೋ ಹತ್ತಿದೆ. ಹಾಗೆ ಬರೆದರೆ ಆಕೆಯ ಕೆಲಸ ಹೋಗಬಹುದೆಂದು ಗೊತ್ತಿತ್ತು. ಹೋಗಲಿ ಎಂದೇ ಬರೆದೆ.

ಶೆಡ್ಡಿನಲ್ಲಿ ಹೆಂಗಸರ ನಡುವೆ, ಗೋಣಿಚೀಲದ ಮೇಲೆ, ಶೈಲಾ ಕುಳಿತಿದ್ದಳು. ಪಕ್ಕದೂರು ಕದರಮಂಡಲಗಿಯ ಹುಡುಗಿ, ಮೂಗಿಗೆ ದುಪಟ್ಟಾ ಕಟ್ಟಿಕೊಂಡಿದ್ದಳು.

“ಏನಮ್ಮಾ ಇದು?” ಎಂದೆ, ಹಳೆಯ ಹಾಜರಿ ದನಿಯಲ್ಲಿ.

“ಆ ಹಾಲ್‌ನ್ಯಾಗ ಮೂರು ವಾರ ಖಾಲಿ ಕುರ್ಚಿಗೋಳಿಗೆ ಕೌನ್ಸೆಲಿಂಗ್ ಮಾಡೇನ್ರಿ ಮೇಡಂ. ಒಂದಕ್ಕೂ ಗುಣ ಕಾಣಲಿಲ್ಲ. ಹನ್ನೊಂದಕ್ಕ ಇವ್ರು ಕೆಲಸ ಬಿಟ್ಟು ಹೆಂಗ ಬರ್ತಾರ್ರಿ?”

ಮಾತಾಡುತ್ತಿದ್ದರೂ ಆಕೆಯ ಕೈ ನಿಲ್ಲಲಿಲ್ಲ. ಬಿಡಿಸಿದ ಕಾಯಿಗಳೆಲ್ಲ ಪಕ್ಕದಲ್ಲಿದ್ದ ಎಲ್ಲವ್ವನ ಬುಟ್ಟಿಗೆ ಬೀಳುತ್ತಿದ್ದವು. ಅದೇಕೆ ಎಂದು ಕೇಳಿದೆ.

“ಮಾತಾಡೂವಾಗ ಕೈ ಸಾವಕಾಶ ಆಗ್ತಾವ್ರಿ, ಇಲ್ಲಿ ಕೂಲಿ ತೂಕದ ಮ್ಯಾಲ. ನನ್ನ ಜೋಡಿ ಮಾತಾಡಿದವ್ರ ಕೂಲಿ ಕಡಿಮಿ ಆಗಬಾರದಲ್ರಿ?”

ಉತ್ತರ ಹೊಳೆಯದಿದ್ದಾಗ ವಿದ್ಯಾವಂತರು ಮಾಡುವುದನ್ನೇ ಮಾಡಿದೆ: ಫಾರ್ಮ್ ತೆಗೆದೆ. ಕಣ್ಣೀರಿನ ಪ್ರಶ್ನೆ ಕೇಳಿದ್ದು, ಏಳು ಸಲ ಸೀನಿದ್ದು ಆಗಲೇ.

ನಗು ಇಳಿದ ಮೇಲೆ ಎಲ್ಲವ್ವ ತಾನಾಗಿ ಮಾತು ತೆಗೆದಳು.

“ಖರೇ ಹೇಳಬೇಕಂದ್ರ ನನಗ ಅಳೂದ ನಿಂತು ಹೋಗಿತ್ರಿ. ನಮ್ಮ ತಂಗಿ ತೀರಿಕೊಂಡ ಮ್ಯಾಲ ನಿದ್ದಿಲ್ಲ, ಊಟಿಲ್ಲ. ಬದುಕೂದ ಬ್ಯಾಡ ಅನಸ್ತಿತ್ತು. ಯಾರ ಮುಂದ ಹೇಳ್ಲಿ? ಈ ಶೈಲಾ ಬಾಜೂಕ ಕುಂತು ತುಂಬು ಬಿಡಸ್ತಿದ್ದಳು. ಏನೂ ಕೇಳ್ತಿದ್ದಿಲ್ಲ. ಒಂದಿನ ಕಾಯಿ ನೋಡ್ಕೋತ ನಾನ ಎಲ್ಲಾ ಹೇಳಿಬಿಟ್ಟೆ. ಮಾರಿ ನೋಡಿದ್ರ ಬಾಯಿ ಬರ್ತಿದ್ದಿಲ್ರಿ.”

ಮರುದಿನವೇ ಶೈಲಾ ಆಕೆಯನ್ನು ಬಸ್ಸಿನಲ್ಲಿ ಹಾವೇರಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಮಾತ್ರೆ ಶುರುವಾಯಿತು. ನಿದ್ದೆ ಬಂತು.

“ಮನೆಯಲ್ಲಿ ಏನು ಹೇಳಿದಿ?” ಎಂದು ಎಲ್ಲವ್ವನನ್ನು ಕೇಳಿದೆ.

“ಕಣ್ಣಿನ ಡಾಕ್ಟರಿಗೆ ತೋರಸ್ತೇನಿ ಅಂದೇನ್ರಿ. ತಲೀ ಡಾಕ್ಟರ್ ಅಂದ್ರ ಓಣಿ ತುಂಬ ಡಂಗುರ! ಈಗ ನಮ್ಮತ್ತಿ ದಿನಾ ಸೂಜಿಗೆ ದಾರ ಪೋಣಸಾಕ ಕೊಡ್ತಾಳ, ಕಣ್ಣು ಚಲೋ ಆಗ್ಯಾವಲ್ಲ ಅಂತ.”

ಮತ್ತೆ ನಗು. ಈ ಸಲ ನನಗೆ ಪೂರ್ತಿ ನಗಲಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು, ಒಂದು ದಿನ ಬರುವುದನ್ನೇ ಬಿಟ್ಟ ಹುಡುಗಿಯರಿಗೆ ನಾನು ಕೊಟ್ಟದ್ದೇನು? ಆಬ್ಸೆಂಟ್. ಅಷ್ಟೇ.

ನಮ್ಮ ಯೋಜನೆಗಳೆಲ್ಲ ಹೀಗೇ ಅಲ್ಲವೇ? ನಮಗೆ ಬಿಡುವಿದ್ದ ಹೊತ್ತಿನಲ್ಲಿ ಬಡವರಿಗೂ ಬಿಡುವಿರುತ್ತದೆಂಬ ನಂಬಿಕೆ. ಬೆಳಿಗ್ಗೆ ಹನ್ನೊಂದಕ್ಕೆ ಕುರ್ಚಿಯಲ್ಲಿ ಕುಳಿತು ದುಃಖ ತೋಡಿಕೊಳ್ಳುವ ಅನುಕೂಲ ಪಿಂಚಣಿದಾರರಿಗೆ ಮಾತ್ರ ಉಂಟು. (ನನಗಿದೆ. ಹಾಗೆಂದೇ ಅಂಕಣ ಬರೆಯುತ್ತೇನೆ.)

ನನ್ನ ದಪ್ಪನೆಯ ‘ಇಲ್ಲ’ವನ್ನು ಅಳಿಸಲಿಲ್ಲ. ಅದು ನಿಜವೇ ಆಗಿತ್ತಲ್ಲ. ಆದರೆ ‘ಷರಾ’ ಎಂದಿದ್ದ ಮೂರು ಗೆರೆಗಳಲ್ಲಿ ಶುರು ಮಾಡಿ, ಅಂಚು ತುಂಬಿಸಿ, ಹಾಳೆಯ ಬೆನ್ನಿಗೂ ಬರೆದೆ.

ಎರಡು ದಿನದಲ್ಲಿ ಕೋಆರ್ಡಿನೇಟರ್ ಫೋನ್ ಮಾಡಿದ. “ಷರಾ ಭಾಳ ಉದ್ದ ಆತ್ರಿ ಮೇಡಂ. ಕಂಪ್ಯೂಟರ್ ತಗೊಳವಲ್ದು.”

“ಹಂಗಾರ ನೀನರ ಓದಪಾ,” ಎಂದೆ.

ಓದಿದ. ಪಾಪ, ಮೇಲಿನವರಿಗೂ ಓದಿಸಿದ. ಶೈಲಾಳ ಕೆಲಸ ಉಳಿಯಿತು, ಸದ್ಯಕ್ಕೆ. ಆದರೆ ಸಭೆ ನಡೆಯುವ ರೀತಿಯನ್ನು ಕಣ್ಣಾರೆ ನೋಡಲು ಮೂವರು ಅಧಿಕಾರಿಗಳು ಶೆಡ್ಡಿಗೆ ಬರುತ್ತಾರಂತೆ.

ಸುದ್ದಿ ಹೇಳಲು ಮತ್ತೆ ಬ್ಯಾಡಗಿಗೆ ಹೋದೆ. ಶೈಲಾಳ ಮುಖ ಸಣ್ಣಗಾಯಿತು. ಅಧಿಕಾರಿಗಳೆದುರು ಯಾರು ತಾನೇ ಬಾಯಿ ಬಿಟ್ಟಾರು?

ಎಲ್ಲವ್ವ ಮಾತ್ರ ಕಾಯಿಯಿಂದ ಕಣ್ಣೆತ್ತಲಿಲ್ಲ.

“ಬರ್ಲಿ ಬಿಡ್ರಿ. ಮೂರು ಮಂದಿ ಅಂದ್ರ ಆರು ಕೈ ಆದ್ವು.”