ಕೂಗಿದವನ ಲೆಕ್ಕಕ್ಕೆ ಒಂದು ಔಟ್

ಕಳೆದ ಭಾನುವಾರ ನನ್ನ ಚಿಕ್ಕಮ್ಮ ಸ್ವಂತ ಮಗನನ್ನೇ ಔಟ್ ಮಾಡಿದರು. ಅವನು ಆಗ ಮೈದಾನದಲ್ಲಿ ಇರಲೂ ಇಲ್ಲ. ನನ್ನ ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಿದ್ದ.

ನಂಬುವುದಿಲ್ಲವೇ? ದೊಡ್ಡಬಳ್ಳಾಪುರಕ್ಕೆ ಹೋಗಿ ಮಗ್ಗದ ಗಂಗಮ್ಮನವರ ಮನೆ ಯಾವುದು ಅಂತ ಕೇಳಿ. (ಹೋದವರು ಊಟ ಮಾಡದೆ ಬರುವಂತಿಲ್ಲ. ಅದಕ್ಕೂ ಸಿದ್ಧರಾಗಿ ಹೋಗಿ.)

ಗಂಗಮ್ಮ ನನ್ನ ತಾಯಿಯ ತಂಗಿ. ಮನೆಯಲ್ಲೇ ಕರೆಂಟಿನ ಮಗ್ಗ ನಡೆಸುತ್ತಾರೆ. ಅವರ ತಾರಸಿಗೆ ಹತ್ತಿದರೆ ಸ್ಕೂಲ್ ಮೈದಾನ ಪೂರ್ತಿ ಕಾಣುತ್ತದೆ. ಬಣ್ಣ ಹಾಕಿದ ರೇಷ್ಮೆ ನೂಲು ಒಣಹಾಕಲು ಹತ್ತುತ್ತಿದ್ದವರು, ಕ್ರಿಕೆಟ್ ನೋಡಿ ನೋಡಿ ಅದಕ್ಕೇ ಮರುಳಾದರು; ಈಗ ನೂಲು ಬರೀ ನೆಪ. ಊರ ತಂಡವೆಂದರೆ ಪ್ರಾಣ ಬಿಡುತ್ತಾರೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರೆಲ್ಲ ಭಾನುವಾರ ಇಲ್ಲಿಗೇ ಬಂದು ಆಡುತ್ತಾರೆ. ಚಿಕ್ಕಮ್ಮ ಒಂದು ಪಂದ್ಯವನ್ನೂ ಬಿಟ್ಟವರಲ್ಲ.

ಬ್ಯಾಟ್ಸ್‌ಮನ್‌ಗಳ ಆವರೇಜನ್ನೂ ಇಟ್ಟಿದ್ದಾರೆ. ಎಲ್ಲಿ ಅಂತೀರಿ? ನೂಲು ಒಣಹಾಕುವ ಬಿದಿರ ಗಳದ ಮೇಲೆ! ಒಬ್ಬೊಬ್ಬನಿಗೆ ಒಂದೊಂದು ಬಣ್ಣದ ಎಳೆ. ಹತ್ತು ರನ್ನಿಗೆ ಒಂದು ಗಂಟು. ಔಟಾದರೆ ಒಂದು ಕರಿ ನೂಲಿನ ತುಂಡು. ಗಂಟು ಜಾಸ್ತಿ, ಕರಿ ಕಡಿಮೆ ಇದ್ದವನು ಒಳ್ಳೆಯ ಆಟಗಾರ. ಸೀಸನ್ ಅರ್ಧ ಮುಗಿದಿರುವ ಈ ಹೊತ್ತಿನಲ್ಲಿ ಆ ಗಳ ನೋಡಿದರೆ ಸಾಕು, ತಂಡದ ಹಣೆಬರಹ ಗೊತ್ತಾಗಿಬಿಡುತ್ತದೆ. ಪೇಪರಿನವರು ಅಂಕಿಅಂಶ ಇಷ್ಟು ಚೆಂದವಾಗಿ ಕೊಟ್ಟದ್ದನ್ನು ನಾನಂತೂ ನೋಡಿಲ್ಲ.

ತೊಂದರೆ ಒಂದೇ. ರನ್ ಔಟ್.

ರನ್ ಔಟ್ ಆದಾಗ ಚಿಕ್ಕಮ್ಮ ಕರಿ ನೂಲನ್ನು ಔಟಾದವನ ಎಳೆಗೆ ಕಟ್ಟುವುದಿಲ್ಲ. ತಪ್ಪಾಗಿ ಕೂಗಿ ಓಡಿಸಿದವನಿಗೆ ಕಟ್ಟುತ್ತಾರೆ.

ಓಡಿಸುವವನು ಯಾರು? ಅವರ ಮಗ ನಾಗರಾಜ. ಅವನೇ ತಂಡದ ಕ್ಯಾಪ್ಟನ್. ಅವನ ಗಂಟಲು ಇಡೀ ಊರಿಗೆ ಪರಿಚಯ. ‘ಯೆಸ್!’ ಅಂತ ಅರ್ಧ ದಾರಿ ಬರುತ್ತಾನೆ. ‘ನೋ!’ ಅಂತ ವಾಪಸ್ ಓಡುತ್ತಾನೆ. ಅಷ್ಟರಲ್ಲಿ ಎದುರಿನವನ ಕಥೆ ಮುಗಿದಿರುತ್ತದೆ. ಎದುರಿನವನು ಪಕ್ಕದ ಮಧುರೆ ಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬರುವ ಸೀನ. ಇವನ ಜೊತೆ ಓಪನಿಂಗ್ ಆಡುವವನು. ಪಾಪ, ಒಂದು ದಿನವೂ ತಿರುಗಿ ಮಾತಾಡಿದವನಲ್ಲ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಾನೆ.

ಅವತ್ತು ಊಟದ ನಡುವೆ ನಾಗರಾಜ ಸಣ್ಣಗೆ ಹೇಳಿದ: “ಅಮ್ಮಾ, ಇವತ್ತು ಹೊಸಕೋಟೆ ಮೇಲೆ ಸೀನನ್ನ ಆಡಿಸಲ್ಲ. ಅರ್ಧ ಸೀಸನ್ ಆಯ್ತು, ಇನ್ನೂ ಒಂಬತ್ತರ ಆವರೇಜು. ಇಟ್ಕೊಂಡು ಏನ್ ಮಾಡ್ಲಿ?”

ಚಿಕ್ಕಮ್ಮ ಸೌಟು ಕೆಳಗಿಟ್ಟರು.

“ಯಾರ ಲೆಕ್ಕದಲ್ಲಿ ಒಂಬತ್ತು?”

“ಸ್ಕೋರರ್ ಲೆಕ್ಕದಲ್ಲಿ.”

“ಅದನ್ನ ತಗೊಂಡೋಗಿ ಒಲೆಗಾಕು. ಹೋದ ವಾರದ ರನ್ ಔಟು ನಿಂದೇ. ನನ್ ಮಗ ಅಂತ ಸುಮ್ನಿದ್ದೆ, ಅದೇ ತಪ್ಪಾಯ್ತು. ಈಗ್ಲೇ ಕಟ್ತೀನಿ ಇರು.”

ಸರಸರ ತಾರಸಿ ಹತ್ತಿದರು. ಕಟ್ಟಿಯೇ ಇಳಿದರು. ಮಗ ಔಟ್!

ನಾನು ಓದಿದವನಲ್ಲವೇ, ಬಾಯಿ ಸುಮ್ಮನಿರಲಿಲ್ಲ. “ಚಿಕ್ಕಮ್ಮ, ರೂಲ್ಸ್ ಪ್ರಕಾರ ಯಾರು ಔಟಾಗ್ತಾನೋ ಅವನೇ ಔಟು” ಅಂದೆ.

“ಯಾವೋನಪ್ಪಾ ಆ ರೂಲ್ಸ್ ಮಾಡ್ದೋನು? ಮಗ್ಗ ಓಡ್ತಿರುವಾಗ ಕರೆಂಟ್ ಹೋದ್ರೆ ಲಾಳಿ ಮಧ್ಯದಲ್ಲೇ ಸಿಕ್ಕೊಂಡು ಎಳೆ ಎಲ್ಲ ಕಡಿದೋಗುತ್ತೆ. ಸೀರೆ ಕೆಡ್ತು ಅಂತ ನೇಯೋನ ಕೂಲಿ ಹಿಡೀತೀನಾ ನಾನು? ನಮ್ ಬೀದೀಲಿ ಯಾರಾದ್ರೂ ಹಿಡೀತಾರಾ? ಅವನೇನ್ ಮಾಡ್ದ? ಹೋಗಿದ್ದು ಕರೆಂಟು.”

“ಅಂದ್ರೆ ನಮ್ಮ ನಾಗ ಕರೆಂಟು” ಅಂತ ನಕ್ಕೆ. ನಾಗರಾಜ ನಗಲಿಲ್ಲ. ಊಟ ಅರ್ಧಕ್ಕೆ ಬಿಟ್ಟು, ಕೈ ತೊಳೆದು ಹೊರಟುಹೋದ.

ಕ್ರಿಕೆಟ್ಟಿನ ಪ್ರಕಾರ ಚಿಕ್ಕಮ್ಮನದು ಶುದ್ಧ ತಪ್ಪು. ಆದರೂ ನನಗೆ ಅವರ ಮೇಲೆ ಗೌರವ ಉಕ್ಕಿ ಬಂತು. ಮಗನ ಆವರೇಜನ್ನು ಕೈಯಾರೆ ಇಳಿಸುವ ತಾಯಿ ಎಷ್ಟು ಜನ ಸಿಗುತ್ತಾರೆ? ನಮ್ಮ ಆಫೀಸನ್ನೇ ನೋಡಿ. ‘ಕಳಿಸ್ರೀ, ನಾನಿದೀನಿ’ ಅನ್ನುವವರು ಸಾಹೇಬರು. ಫೈಲು ತಪ್ಪು ಜಾಗಕ್ಕೆ ಹೋದರೆ ಮೆಮೋ ಬರುವುದು ಟೈಪಿಸ್ಟಿಗೆ. (ನಮ್ಮ ಸಾಹೇಬರು ಈ ಅಂಕಣ ಓದುವುದಿಲ್ಲ. ಓದಿದರೆ, ನಮಸ್ಕಾರ ಸಾರ್.)

ಮಧ್ಯಾಹ್ನ ತಾರಸಿಯಲ್ಲಿ ಚಿಕ್ಕಮ್ಮನೂ ನಾನೂ ಕೂತೆವು. ಕರೆಂಟ್ ಇರಲಿಲ್ಲ. ಬೀದಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು. ಮೈದಾನದ ಕೆಮ್ಮು ಕೂಡ ಕೇಳುವಷ್ಟು ನಿಶ್ಶಬ್ದ. ನಾಗರಾಜ ಬ್ಯಾಟ್ ಹಿಡಿದು ಇಳಿದ. ಅವನ ಹಿಂದೆ ಸೀನ! ಅಮ್ಮನ ಮಾತಿಗೋ, ಬದಲಿಗೆ ಬೇರೆಯವನು ಸಿಗದೆಯೋ, ನನಗೆ ಗೊತ್ತಿಲ್ಲ.

“ಬಂದ್ನಾ!” ಅಂತ ಚಿಕ್ಕಮ್ಮ ನನ್ನ ತೋಳು ಹಿಂಡಿದರು. ಇನ್ನೂ ನೋಯುತ್ತಿದೆ.

ಸೀನ ಚೆನ್ನಾಗಿಯೇ ಆಡುತ್ತಿದ್ದ. ಎರಡು ಬೌಂಡರಿ ನೋಡಿ ನಾನೂ ಎದ್ದು ನಿಂತೆ. ಅಷ್ಟರಲ್ಲಿ ನಾಗರಾಜ ಒಂದು ಬಾಲ್ ತಳ್ಳಿ ಕೂಗಿದ: “ಯೆಸ್!”

ಸೀನ ಓಡಿದ. ಬಾಲ್ ನೇರ ಫೀಲ್ಡರ್ ಕೈಗೆ. “ನೋ!” ಅಂತ ನಾಗರಾಜ ವಾಪಸ್. ಇಬ್ಬರೂ ಒಂದೇ ಕಡೆ, ಒಂದೇ ಗೆರೆಯೊಳಗೆ. ಆ ಕಡೆ ವಿಕೆಟ್ ಖಾಲಿ, ಎಸೆದ ಬಾಲ್ ಹಿಡಿಯಲು ಫೀಲ್ಡರ್ ಕೂಡ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಸೀನ ಎಂದಿನಂತೆ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿದ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡರು.

ಅವರು ನೋಡದೇ ಹೋದದ್ದನ್ನು ನಾನು ನೋಡಿದೆ. ನಾಗರಾಜ ಸೀನನ ಎದೆಗೆ ಕೈ ಕೊಟ್ಟು ತಡೆದ. ಏನೋ ಅಂದ. ಆಮೇಲೆ ತಾನೇ ಆ ಖಾಲಿ ವಿಕೆಟ್ಟಿನ ಕಡೆಗೆ ಓಡಿದ. ಮುಟ್ಟುವ ಆಸೆಯೇ ಇಲ್ಲದ ಓಟ. ಬೇಲ್ಸ್ ಬಿದ್ದವು. ಅವನು ನಿಲ್ಲಲೂ ಇಲ್ಲ, ಹಾಗೇ ಹೊರಗೆ ನಡೆದ.

“ಚಿಕ್ಕಮ್ಮ, ಔಟಾದವನು ನಾಗ” ಅಂದೆ. ಅವರು ನಂಬಲಿಲ್ಲ. ಕಣ್ಣು ಬಿಟ್ಟು, ಬಿಸಿಲಿಗೆ ಕೈ ಅಡ್ಡ ಹಿಡಿದು, ಕ್ರೀಸಿನಲ್ಲಿ ನಿಂತಿದ್ದ ಸೀನನನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮಗ ನೂರು ಹೊಡೆದಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ ಅಂತ ಬರೆದುಕೊಡುತ್ತೇನೆ.

ಪಂದ್ಯ ಸೋತೆವು. ಸೀನ ಕೊನೆಯವರೆಗೂ ನಿಂತಿದ್ದ, ಉಳಿದವರು ನಿಲ್ಲಲಿಲ್ಲ.

ಸಂಜೆ ನಾಗರಾಜ ತಾರಸಿಗೆ ಬಂದ. ಅಮ್ಮನ ಮುಖ ನೋಡದೆ ಗಳ ಹಿಡಿದುಕೊಂಡು ನಿಂತ.

“ಮುಂದಿನ ವಾರಾನೂ ಸೀನ ಇರ್ತಾನೆ ಕಣಮ್ಮ. ಇನ್ಮೇಲೆ ಯೆಸ್ಸೋ ನೋನೋ, ಕೂಗೋದು ಅವನೇ.”

“ನೀನು?”

“ನಾನು ಓಡ್ತೀನಿ.”

ಕ್ಯಾಪ್ಟನ್ ಅಂದರೆ ಇವನಪ್ಪ ಅಂತ ನನಗೆ ಅವತ್ತು ಅನ್ನಿಸಿತು. ಆದರೆ ಬೆಂಗಳೂರಿನ ಬಸ್ಸು ಹತ್ತಿದಾಗಿನಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ತಪ್ಪಾಗಿ ಕೂಗಿದ ಮೇಲೆ ತಾನೇ ಹೊರಗೆ ನಡೆದ ದೊಡ್ಡ ಮನುಷ್ಯನನ್ನು ನೀವು ಕೊನೆಯ ಸಲ ಕಂಡದ್ದು ಯಾವಾಗ?