ತಗ್ಗಿಸಿದ ಕಾರಿನಲ್ಲಿ ತವರಿನ ಪಾಯಸ

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದೆ, ಆ ಪುಟ್ಟ ತ್ರಿಕೋನ ಸಿಂಕಿಗೆ ಬೀಳದಂತೆ ಗೋಡೆಗೆ ಅಂಟಿಸಿದೆ, ಗ್ಯಾಲರಿಯ ತುಳಸಿಗೆ ನೀರು ಹಾಕಿದೆ. ಕೆಳಗೆ ವಾಚ್‌ಮನ್ ನಮ್ಮ ಕಾರನ್ನು ಸುತ್ತುಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರ ಹಾಲಿನ ಕ್ಯಾನು ದಾಟಿ ನಮ್ಮ ಬಾಗಿಲಿಗೇ ಬಂದು, ನಾಲ್ಕೂ ಟಯರು ಪಂಕ್ಚರ್ ಆಗಿವೆ ಎಂದು ಹಿಂದಿಯಲ್ಲಿ ಹೇಳಿದ. ಸಾವಿನ ಸುದ್ದಿ ತಂದವರ ದನಿ.

ಪಂಕ್ಚರ್ ಆಗಿರಲಿಲ್ಲ. ನನ್ನ ಗಂಡ ಕಾರನ್ನು ನಾಲ್ಕು ಬೆರಳು ತಗ್ಗಿಸಿದ್ದರು. ಪಾಯಸಕ್ಕಾಗಿ.

ಅಂದು ಸೇತುವೆಯಾಚೆಯ ನೌಪಾಡಾದಲ್ಲಿ ನಾದಿನಿಯ ಸೀಮಂತ. ತವರಿನ ಪಾಯಸವನ್ನೇ ಮೊದಲು ಬಡಿಸಬೇಕು, ಅದೂ ಅತ್ತೆಯ ಹಿತ್ತಾಳೆ ಕೊಳಗದಲ್ಲೇ ಹೋಗಬೇಕು. ಮೇಲೊಂದು ತಟ್ಟೆ ಮುಚ್ಚಿ ಬಟ್ಟೆ ಕಟ್ಟುವುದು ನಮ್ಮ ಪದ್ಧತಿ. ಅವಳ ಗೃಹಪ್ರವೇಶಕ್ಕೂ ಹಾಗೆಯೇ ಒಯ್ದಿದ್ದೆವು. ಸೇತುವೆ ಇಳಿದು ತಿರುಗುವಾಗ ಕಾರು ವಾಲಿ, ಅರ್ಧ ಪಾಯಸ ಅತ್ತೆಯ ಮಡಿಲಿಗೆ ಬಿದ್ದಿತ್ತು. ಬೀಗಿತ್ತಿ ಅಳಿದುಳಿದದ್ದನ್ನು ಉದ್ಧರಣೆಯಲ್ಲಿ ತೀರ್ಥ ಕೊಟ್ಟಂತೆ ಬಡಿಸಿದ್ದರು. ನಾದಿನಿ ಅಡಿಗೆಮನೆಯಲ್ಲಿ ಅತ್ತಿದ್ದಳು. ಈ ಸಲ ಹಾಗಾಗಬಾರದು ಎಂದು ಅವಳು ವಾರದಲ್ಲಿ ಮೂರು ಸಲ ಫೋನು ಮಾಡಿದ್ದಳು.

ನನ್ನವರು ಫೈನಾನ್ಸ್ ಕೆಲಸದವರು. ಯಾವುದನ್ನೂ ಮೂಲದಿಂದಲೇ ಸರಿಪಡಿಸಬೇಕು. ಕಾರಿನ ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ ಎಂದು ಇಂಟರ್ನೆಟ್ಟಿನಲ್ಲಿ ಓದಿ, ಗ್ಯಾರೇಜಿನಲ್ಲಿ ಸ್ಪ್ರಿಂಗುಗಳನ್ನೇ ಕತ್ತರಿಸಿ ಗಿಡ್ಡ ಮಾಡಿಸಿದರು. ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದನಂತೆ. ಅಷ್ಟರಲ್ಲಿ ಅಲೈನ್‌ಮೆಂಟ್ ಮಾಡುವ ಅಂಗಡಿ ಮುಚ್ಚಿತ್ತು.

ಹೊರಡುತ್ತಲೇ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಗೇಟಿನ ಸ್ಪೀಡ್‌ಬ್ರೇಕರ್ ಮೇಲೆ ಕಾರು ಹೊಟ್ಟೆಯೂರಿ ಕುಳಿತುಬಿಟ್ಟಿತು.

"ಅಮ್ಮ, ನೀವಿಬ್ರೂ ಒಂದು ನಿಮಿಷ ಇಳೀರಿ," ಎಂದರು ನನ್ನವರು.

"ಹೆತ್ತೋಳ ಭಾರ ನಿನ್ನ ಕಾರಿಗೆ ತಡಿಯಲ್ವೇನೋ?" ಎಂದು ಕೇಳುತ್ತಲೇ ಅತ್ತೆ ಇಳಿದರು. ನಾನು ಕೊಳಗ ಹಿಡಿದು ಇಳಿದೆ. ಹಗುರಾದ ಕಾರು ಕೆರೆದುಕೊಂಡು ದಾಟಿತು. ನಾವು ಮತ್ತೆ ಹತ್ತಿದೆವು.

ಐರೋಲಿ ಸೇತುವೆಯ ಮೇಲೆ ಮಾತ್ರ ಅದು ನಿಜಕ್ಕೂ ಚೆನ್ನಾಗಿ ಓಡಿತು. ಹೋದ ಸಲ ಮೋಸಮಾಡಿದ ತಿರುವಿನಲ್ಲಿ ಕೊಳಗ ನನ್ನ ತೊಡೆಯ ಮೇಲೆ ಕದಲಲಿಲ್ಲ. "ನೋಡಿದ್ಯಾ?" ಎಂದರು ನನ್ನವರು, ಕನ್ನಡಿಯಲ್ಲಿ ನನ್ನನ್ನು ನೋಡಿ. ನಾನು ನೋಡಿದ್ದು ಬೇರೆ. ಕಾರು ನೇರ ಹೋಗುವಾಗಲೂ ಸ್ಟಿಯರಿಂಗ್ ಬಲಕ್ಕೆ ಓರೆಯಾಗಿತ್ತು. ಅವರು ಕೈ ಸಡಿಲಿಸಿದರೆ ಸಾಕು, ಕಾರು ಎಡಕ್ಕೆ ಎಳೆಯುತ್ತಿತ್ತು. ರಸ್ತೆಯ ಸಣ್ಣ ಬಿರುಕಿನ ಹೊಡೆತವೂ ಅವರ ಮೊಣಕೈವರೆಗೆ ಬರುತ್ತಿತ್ತು. ಯೂ-ಟರ್ನ್ ತೆಗೆದುಕೊಂಡಾಗ ಟಯರು ಒಳಗೆಲ್ಲೋ ಉಜ್ಜಿ, ಹಪ್ಪಳ ಮುರಿದಂತೆ ಸದ್ದು.

ನೌಪಾಡಾದ ಗಲ್ಲಿಗೆ ಬಂದೆವು. ಅಲ್ಲಿ ಪ್ರತಿ ಬಿಲ್ಡಿಂಗಿಗೂ ತನ್ನದೇ ಒಂದು ಸ್ಪೀಡ್‌ಬ್ರೇಕರ್ ಬೇಕು. ಇಳಿದೆವು, ಹತ್ತಿದೆವು, ಇಳಿದೆವು. ನಾಲ್ಕನೆಯದಕ್ಕೆ ಅತ್ತೆ, ಇನ್ನು ಹತ್ತುವುದಿಲ್ಲ ಎಂದು ಮುಂದೆ ನಡೆದೇಬಿಟ್ಟರು. ನಾನು ಕೊಳಗ ಹಿಡಿದು ಹಿಂದೆ ಹೊರಟೆ. ಕಾನ್ವೆಂಟಿನಲ್ಲಿ ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡುವ ಸ್ಪರ್ಧೆಗೆ ಸಿಸ್ಟರ್ ಹೇಳಿಕೊಟ್ಟಿದ್ದರು: ಹಣ್ಣನ್ನು ನೋಡಬೇಡ, ದೂರ ನೋಡು. ದೂರ ನೋಡುತ್ತಾ ನಡೆದೆ. ನಮ್ಮ ಹಿಂದೆ ಕಾರು ನಾಲ್ಕೂ ದೀಪ ಮಿಣುಕಿಸುತ್ತಾ ತೆವಳುತ್ತಿತ್ತು. ಹೂವಿನ ಅಂಗಡಿಯ ಹೆಂಗಸು ಎದ್ದು ನಿಂತು ಕೊಳಗಕ್ಕೆ ಕೈಮುಗಿದಳು. ಎದುರು ಬಂದ ರಿಕ್ಷಾದವನು ಹಾರ್ನ್ ಹೊಡೆಯದೆ ಪಕ್ಕಕ್ಕೆ ಸರಿದ.

ನಾದಿನಿ ಹಸಿರು ಬಳೆಗಳ ಕೈಯಲ್ಲಿ ಕಿಟಕಿಯ ಸರಳು ಹಿಡಿದು ಇದೆಲ್ಲವನ್ನೂ ನೋಡಿದ್ದಳು. ಒಳಗೆ ಹೋದದ್ದೇ ತಡ, ಗಂಟು ಬಿಚ್ಚಿ ತಟ್ಟೆ ಎತ್ತಿದಳು. ಕಂಠಮಟ್ಟ ಪಾಯಸ, ಗೋಡಂಬಿ ಕೂಡ ಹಾಕಿದಲ್ಲೇ ತೇಲುತ್ತಿತ್ತು. ಬೀಗಿತ್ತಿ ಬಗ್ಗಿ ನೋಡಿ ದೊಡ್ಡ ಸೌಟು ತರಿಸಿದರು. ಅತ್ತೆ ಅಂದು ಎರಡು ಸಲ ಬಡಿಸಿಕೊಂಡು ಉಂಡರು. ಎಲ್ಲ ಕಾರಿನ ಪುಣ್ಯ ಎಂದು ನನ್ನವರು ಊಟಕ್ಕೆ ಕೂತವರಿಗೆ ವಿವರಿಸುತ್ತಿದ್ದರು. ನಾನು ತುತ್ತಿನ ನಡುವೆ ಎಡಗೈಯಿಂದ ಬಲತೋಳು ನೀವಿಕೊಳ್ಳುತ್ತಿದ್ದೆ.

ಸಂಜೆ ಮನೆಗೆ ಮರಳಿ, ತೊಳೆದ ಕೊಳಗವನ್ನು ಗ್ಯಾಲರಿಯಲ್ಲಿ ಬೋರಲು ಹಾಕುತ್ತಿದ್ದಾಗ, ಪಕ್ಕದ ಮನೆಯಾಕೆ ಬಟ್ಟೆ ತೆಗೆಯುತ್ತಾ ಸೀಮಂತ ಹೇಗಾಯಿತೆಂದು ವಿಚಾರಿಸಿದರು. ಕುಂದಾಪುರದ ಕಡೆಯವರು, ಗಂಡನದು ಹೋಟೆಲು. ಕಾರಿನ ಕಥೆಯನ್ನೆಲ್ಲ ಹೇಳಿದೆ. ಅವರು ಬಾಯಲ್ಲಿದ್ದ ಕ್ಲಿಪ್ ತೆಗೆದು ಟವೆಲ್ ಮಡಚಿದರು.

"ಪಾಯಸವಾ? ನಾವು ಹಾಲಿನ ಕ್ಯಾನಿಗೆ ಹಾಕಿ ಮುಚ್ಚಳ ಒತ್ತಿ ಲೋಕಲ್ ಟ್ರೈನಿನಲ್ಲಿ ತಕೊಂಡು ಹೋಗುದು ಮಾರಾಯ್ರೆ," ಎಂದರು. "ನಮ್ಮ ಕ್ಯಾನು ನಿಮ್ಮ ಬಾಗಿಲ ಹತ್ರವೇ ಉಂಟಲ್ಲ, ದಿನಾ ದಾಟಿ ಹೋಗ್ತೀರಿ."